ವಿಂಡೋಸ್ 11ಕ್ಕೆ ಹೋದ ಮೇಲೆ ಓವರ್‌ಕ್ಲಾಕ್ ಮಾಡಿದ ಪಿಸಿ ಸುಮ್ನೆ ಇದ್ದಾಗಲೇ ರೀಸ್ಟಾರ್ಟ್ ಆಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೊದಲು ಪಿಸಿ ವಿವರ. ರೈಜನ್ 5 5600ಎಕ್ಸ್, ಬಿ550 ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ (3600 ವೇಗ, ರ‍್ಯಾಮನ್ನು ಆ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್), 650 ವ್ಯಾಟ್ ಪವರ್ ಸಪ್ಲೈ. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್ ಪರದೆ) ಪಿಬಿಒ, ಅಂದರೆ ಎಎಂಡಿಯದೇ ಓವರ್‌ಕ್ಲಾಕ್ ಸೌಲಭ್ಯ, ಆನ್ ಮಾಡಿ ಬೂಸ್ಟ್ ಓವರ್‌ರೈಡ್ (ಗರಿಷ್ಠ ವೇಗದ ಮೇಲೆ ಹೆಚ್ಚುವರಿ) 150 ಮೆಗಾಹರ್ಟ್ಸ್ ಕೊಟ್ಟಿದ್ದೇನೆ. ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಎಲ್ಲಾ ಕೋರ್‌ಗಳಿಗೂ ಮೈನಸ್ 25.

ವಿಂಡೋಸ್ 10ರಲ್ಲಿ ಇದೇ ಸೆಟ್ಟಿಂಗ್ ಏನೂ ತೊಂದರೆ ಕೊಟ್ಟಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯಿತಲ್ವಾ, ಹಾಗಾಗಿ ಇದ್ದ ಫೈಲ್‌ಗಳನ್ನೆಲ್ಲಾ ಹಾಗೇ ಇಟ್ಟುಕೊಂಡು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಆಮೇಲೆ ಶುರುವಾಯಿತು. ಗೇಮ್ ಆಡುವಾಗ ಏನೂ ಆಗುವುದಿಲ್ಲ. ಪ್ರೊಸೆಸರ್‌ಗೆ ಭಾರ ಹಾಕುವ ಸಿನಿಬೆಂಚ್ ಟೆಸ್ಟ್ ಅರ್ಧ ಗಂಟೆ ಓಡಿಸಿದರೂ ಪಾಸ್. ಆದರೆ ಬ್ರೌಸರ್‌ನಲ್ಲಿ ಏನಾದರೂ ಓದುತ್ತಾ ಕೂತಾಗ, ಇಲ್ಲಾ ಪಿಸಿ ಆನ್ ಇಟ್ಟು ಊಟಕ್ಕೆ ಎದ್ದಾಗ, ಫಟ್ ಅಂತ ರೀಸ್ಟಾರ್ಟ್ ಆಗಿಬಿಡುತ್ತದೆ. ಎರರ್ ಸ್ಕ್ರೀನ್ ಕೂಡ ಬರುವುದಿಲ್ಲ. ವಿಂಡೋಸ್‌ನ ಎರರ್ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಮತ್ತು ಡಬ್ಲ್ಯುಎಚ್‌ಇಎ ಲಾಗರ್ 18 ಕಾಣುತ್ತಿವೆ.

ಒಬ್ಬ ಗೆಳೆಯ ಪವರ್ ಸಪ್ಲೈ ಹೋಗಿದೆ ಅಂತಾನೆ. ಇನ್ನೊಬ್ಬ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕು ಅಂತಾನೆ. ವಾಪಸ್ ವಿಂಡೋಸ್ 10ಕ್ಕೆ ಹೋಗಿಬಿಡಲಾ? ದಯವಿಟ್ಟು ಹೇಳಿ.

ಉತ್ತರ

ಸರ್, ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಪವರ್ ಸಪ್ಲೈ ಕೊಳ್ಳಬೇಡಿ, ಫಾರ್ಮ್ಯಾಟೂ ಮಾಡಬೇಡಿ. ಬೇಕಾದ ಸುಳಿವು ನೀವೇ ಬರೆದಿದ್ದೀರಿ.

ಕರ್ನಲ್-ಪವರ್ 41 ಅಂದರೆ ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅರ್ಥ. ಕರೆಂಟ್ ಹೋದರೂ ಅದೇ ಬರುತ್ತದೆ. ಅದರಿಂದ ಕಾರಣ ಗೊತ್ತಾಗುವುದಿಲ್ಲ. ನೋಡಬೇಕಾದ್ದು 18. ಪ್ರೊಸೆಸರ್ ತನ್ನೊಳಗೇ ಸರಿಪಡಿಸಲಾಗದ ಒಂದು ತಪ್ಪನ್ನು ಕಂಡು ವಿಂಡೋಸ್‌ಗೆ ತಿಳಿಸಿದೆ ಅಂತ ಅದರ ಅರ್ಥ. ಅದನ್ನು ತೆರೆದು ನೋಡಿ. ಎರರ್ ಟೈಪ್ ಎದುರು 'ಕ್ಯಾಶ್ ಹೈರಾರ್ಕಿ ಎರರ್' ಅಂತ ಇರಬೇಕು. ಅದರ ಕೆಳಗೆ ಪ್ರೊಸೆಸರ್ ಎಪಿಐಸಿ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ. ಪ್ರತಿ ಕ್ರ್ಯಾಶ್‌ನದ್ದೂ ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಭಾರ ಹಾಕಿದಾಗ ಗಟ್ಟಿಯಾಗಿ ನಿಲ್ಲುವ ಪಿಸಿ ಸುಮ್ನೆ ಇದ್ದಾಗ ಯಾಕೆ ಬೀಳುತ್ತದೆ? ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ ಕೊಟ್ಟರೆ ಪ್ರತಿ ವೇಗಕ್ಕೂ ಪ್ರೊಸೆಸರ್ ಕೇಳುವ ವೋಲ್ಟೇಜ್ ಕಡಿಮೆ ಆಗುತ್ತದೆ. ಒಂದು ಅಂಕಕ್ಕೆ ಸುಮಾರು 3ರಿಂದ 5 ಮಿಲಿವೋಲ್ಟ್. ಅಂದರೆ ಮೈನಸ್ 25 ಎಂದರೆ ಹತ್ತಿರ ಹತ್ತಿರ 75ರಿಂದ 125 ಮಿಲಿವೋಲ್ಟ್ ಕಡಿತ. ಇದು ಸಣ್ಣದಲ್ಲ. ಸಿನಿಬೆಂಚ್ ಓಡುವಾಗ ಆರೂ ಕೋರ್ ಒಟ್ಟಿಗೆ ದುಡಿಯುತ್ತವೆ. ಬಿಸಿ ಮತ್ತು ಪವರ್ ಮಿತಿ ಅಡ್ಡ ಬರುವುದರಿಂದ ಯಾವ ಕೋರೂ ತನ್ನ ಗರಿಷ್ಠ ವೇಗ ಮುಟ್ಟುವುದಿಲ್ಲ. ಬ್ರೌಸರ್‌ನಲ್ಲಿ ಹಾಗಲ್ಲ. ಮಲಗಿದ್ದ ಒಂದು ಕೋರ್ ಏಕಾಏಕಿ ಎದ್ದು ಮೇಲಕ್ಕೆ ಜಿಗಿಯುತ್ತದೆ. 5600ಎಕ್ಸ್‌ನ ಬೂಸ್ಟ್ 4.6 ಗಿಗಾಹರ್ಟ್ಸ್. ನೀವು ಅದರ ಮೇಲೆ 150 ಮೆಗಾಹರ್ಟ್ಸ್ ಸೇರಿಸಿದ್ದೀರಿ. ಆ ತುತ್ತತುದಿಯಲ್ಲಿ ವೋಲ್ಟೇಜ್ ಸಾಲದೇ ಹೋಗುವುದು ಒಂದು ಕ್ಷಣ ಮಾತ್ರ, ಆದರೆ ರೀಸ್ಟಾರ್ಟ್ ಆಗಲು ಅಷ್ಟು ಸಾಕು. ಸಿನಿಬೆಂಚ್ ಪಾಸ್ ಆಯಿತು ಅಂದರೆ ಕರ್ವ್ ಆಪ್ಟಿಮೈಸರ್ ಸರಿ ಇದೆ ಎಂದು ಖಂಡಿತ ಅರ್ಥವಲ್ಲ. ಎಷ್ಟೋ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಹಾಗಾದರೆ ವಿಂಡೋಸ್ 10ರಲ್ಲಿ ಯಾಕೆ ಆಗಲಿಲ್ಲ? ಯಾವ ಕೆಲಸವನ್ನು ಯಾವ ಕೋರ್‌ಗೆ ಕೊಡುವುದು, ಕೋರ್‌ಗಳನ್ನು ಯಾವಾಗ ಮಲಗಿಸುವುದು, ಯಾವಾಗ ಎಬ್ಬಿಸುವುದು, ಹಿನ್ನೆಲೆಯಲ್ಲಿ ಏನೇನು ಓಡುವುದು, ಇದೆಲ್ಲಾ ಆಪರೇಟಿಂಗ್ ಸಿಸ್ಟಮ್ ಜೊತೆ ಬದಲಾಗುತ್ತದೆ. ಅಪ್‌ಗ್ರೇಡ್ ಆದಾಗ ಪವರ್ ಪ್ಲಾನ್, ಚಿಪ್‌ಸೆಟ್ ಡ್ರೈವರ್ ಕೂಡ ಬದಲಾಗಿರಬಹುದು. ಬಸ್ಸಿನ ರೂಟು ಬದಲಾಯಿತು, ಹೊಸ ದಾರಿಯಲ್ಲಿ ಹಳ್ಳ ಸಿಕ್ಕಿತು. ಹಳ್ಳ ಮೊದಲಿನಿಂದಲೂ ಅಲ್ಲೇ ಇತ್ತು. ಹಾಗಾಗಿ ವಿಂಡೋಸ್ 10ಕ್ಕೆ ಹಿಂದಿರುಗಿದರೆ ತೊಂದರೆ ಮರೆಯಾಗಬಹುದು, ಹೋಗುವುದಿಲ್ಲ. 'ಗೋ ಬ್ಯಾಕ್' ಬಟನ್ ಅಪ್‌ಗ್ರೇಡ್ ಆದ 10 ದಿನ ಮಾತ್ರ ಇರುತ್ತದೆ ಅಂತ ಗಾಬರಿಯಲ್ಲಿ ಒತ್ತಬೇಡಿ.

ಈಗ ಹೀಗೆ ಮಾಡಿ. ಬಯೋಸ್ ಮುಟ್ಟುವ ಮೊದಲು ಡಿಸ್ಕ್‌ಗೆ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಿ. ಬಯೋಸ್‌ನಲ್ಲಿ ಟಿಪಿಎಂ (ಬೀಗದ ಕೀ ಕಾಯುವ ಭದ್ರತಾ ಭಾಗ), ಸೆಕ್ಯೂರ್ ಬೂಟ್ ಏನಾದರೂ ಅಲುಗಾಡಿದರೆ ವಿಂಡೋಸ್ ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡೇಟಾ ಕೈಬಿಟ್ಟಂತೆಯೇ. ಇದನ್ನು ಮಾತ್ರ ನಾಳೆಗೆ ಅಂತ ಬಿಡಬೇಡಿ.

ಆಮೇಲೆ ಈಗಿನ ಸೆಟ್ಟಿಂಗ್‌ಗಳ ಫೋಟೋ ತೆಗೆದುಕೊಂಡು ಎಲ್ಲವನ್ನೂ ಸ್ಟಾಕ್‌ಗೆ, ಅಂದರೆ ಕಂಪನಿ ಇಟ್ಟ ಸೆಟ್ಟಿಂಗ್‌ಗೆ, ತನ್ನಿ. ಕರ್ವ್ ಆಪ್ಟಿಮೈಸರ್, ಬೂಸ್ಟ್ ಓವರ್‌ರೈಡ್, ಎಕ್ಸ್‌ಎಂಪಿ ಎಲ್ಲವೂ ಆಫ್. ಟಿಪಿಎಂ ಆನ್ ಇರಲಿ. ಎಎಂಡಿಯ ಹೊಸ ಚಿಪ್‌ಸೆಟ್ ಡ್ರೈವರ್ ಹಾಕಿ. ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ, ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ಹೀಗೇ ಎರಡು ಮೂರು ದಿನ ಎಂದಿನಂತೆ ಬಳಸಿ. ಕ್ರ್ಯಾಶ್ ಆಗದಿದ್ದರೆ ಎಕ್ಸ್‌ಎಂಪಿ ಒಂದನ್ನೇ ಆನ್ ಮಾಡಿ ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಸರ್. ಸ್ಟಾಕ್‌ನಲ್ಲಿ ಒಂದು ಕ್ರ್ಯಾಶೂ ಇಲ್ಲ. ಎಕ್ಸ್‌ಎಂಪಿ ಆನ್ ಮಾಡಿದ ಮೇಲೂ ಆರಾಮಾಗಿದೆ. ಹಳೆಯ ಲಾಗ್ ಎಲ್ಲಾ ತೆಗೆದು ನೋಡಿದೆ. ಎರರ್ ನೀವು ಹೇಳಿದ್ದೇ, ಕ್ಯಾಶ್ ಹೈರಾರ್ಕಿ. ಎಪಿಐಸಿ ಐಡಿ ಹೆಚ್ಚಾಗಿ 4, ಆಗಾಗ 5. ಬೇರೆ ಸಂಖ್ಯೆ ಇಲ್ಲ. ಈಗ ಕರ್ವ್ ಆಪ್ಟಿಮೈಸರ್ ಪೂರ್ತಿ ಬಿಟ್ಟುಬಿಡಬೇಕಾ? ನಮ್ಮ ಕಡೆ ಬೇಸಿಗೆಯಲ್ಲಿ ರೂಮೇ ಕಾದ ಹೆಂಚು. ಟೆಂಪರೇಚರ್ ಕಡಿಮೆ ಇರಲಿ ಅಂತಲೇ ಅದನ್ನು ಹಾಕಿದ್ದು.

ಉತ್ತರ

ಬಿಡಬೇಕಾಗಿಲ್ಲ. ಈ ಪ್ರೊಸೆಸರ್‌ನಲ್ಲಿ ಒಂದು ಕೋರ್‌ಗೆ ಎರಡು ಥ್ರೆಡ್ (ಕೆಲಸದ ಸಾಲು). 4 ಮತ್ತು 5 ಎರಡೂ ಒಂದೇ ಕೋರ್‌ನ ಥ್ರೆಡ್‌ಗಳು. ಸೊನ್ನೆಯಿಂದ ಎಣಿಸಿದರೆ ಅದು ಕೋರ್ 2. ನಿಮ್ಮ ಬಯೋಸ್ ಸೊನ್ನೆಯಿಂದ ಎಣಿಸುತ್ತದೋ ಒಂದರಿಂದಲೋ ನೋಡಿಕೊಳ್ಳಿ. ಒಂದರಿಂದ ಎಣಿಸಿದರೆ ಅದು ಮೂರನೆಯದು.

ಎಎಂಡಿಯ ರೈಜನ್ ಮಾಸ್ಟರ್ ಸಾಫ್ಟ್‌ವೇರ್ ತೆರೆದು ನೋಡಿ. ಆ ಕೋರ್ ಮೇಲೆ ನಕ್ಷತ್ರದ ಗುರುತಿದ್ದರೆ ಆಶ್ಚರ್ಯವಿಲ್ಲ. ಅದು ಚಿಪ್‌ನ ಅತ್ಯುತ್ತಮ ಕೋರ್ ಅಂತ ಗುರುತು. ಹಗುರ ಕೆಲಸಗಳನ್ನು ವಿಂಡೋಸ್ ಮೊದಲು ಕೊಡುವುದು ಅಂಥ ಕೋರ್‌ಗೇ. ಅದಕ್ಕೆ ಫ್ಯಾಕ್ಟರಿಯಲ್ಲೇ ಕಡಿಮೆ ವೋಲ್ಟೇಜ್ ಲೆಕ್ಕ ಹಾಕಿರುತ್ತಾರೆ. ಇನ್ನೂ ಕಡಿಮೆ ಮಾಡಲು ಅಲ್ಲಿ ಜಾಗ ಇರುವುದಿಲ್ಲ. ಸಾಧಾರಣ ಕೋರ್‌ಗಳೇ ಜಾಸ್ತಿ ಮೈನಸ್ ತಡೆಯುತ್ತವೆ. ಎಲ್ಲಾ ಕೋರ್‌ಗೂ ಒಂದೇ ಸಂಖ್ಯೆ ಕೊಡುವುದು ಅದಕ್ಕೇ ನನಗೆ ಇಷ್ಟವಿಲ್ಲ.

'ಆಲ್ ಕೋರ್' ಬಿಟ್ಟು 'ಪರ್ ಕೋರ್' ಆರಿಸಿ. ಕೋರ್ 2ಕ್ಕೆ ಸೊನ್ನೆ, ಉಳಿದವಕ್ಕೆ ಮೈನಸ್ 15. ಬೂಸ್ಟ್ ಓವರ್‌ರೈಡ್ ಸದ್ಯಕ್ಕೆ ಸೊನ್ನೆಯೇ ಇರಲಿ. ನಿಮಗೆ ಬೇಕಿರುವುದು ತಂಪು ತಾನೇ? ಆ 150 ಮೆಗಾಹರ್ಟ್ಸ್ ಬಿಸಿಯನ್ನೇ ಹೆಚ್ಚಿಸುತ್ತದೆ, ಗೇಮ್‌ನಲ್ಲಿ ಕಣ್ಣಿಗೆ ಕಾಣುವ ಲಾಭ ಇಲ್ಲ. ರಾತ್ರಿ ಮಲಗುವಾಗ ಕೋರ್‌ಸೈಕ್ಲರ್ ಹಚ್ಚಿಬಿಡಿ. ಅದು ಪ್ರೈಮ್95 ಎಂಬ ಲೆಕ್ಕದ ಪ್ರೋಗ್ರಾಂ ಬಳಸಿ ಒಂದೊಂದೇ ಕೋರ್‌ಗೆ ಕೆಲಸ ಕೊಡುತ್ತದೆ, ಉಳಿದವು ಸುಮ್ನೆ ಇರುತ್ತವೆ. ಹಾಗಾಗಿ ಆ ಕೋರ್ ನಿಜವಾಗಿಯೂ ತುದಿ ಮುಟ್ಟುತ್ತದೆ. ಹಗುರ ಲೆಕ್ಕದ ಎಸ್‌ಎಸ್‌ಇ ಮೋಡ್ ಇರಲಿ. ಎವಿಎಕ್ಸ್ ಎಂಬ ಇನ್ನೊಂದು ಮೋಡ್‌ನ ಭಾರಕ್ಕೆ ವೇಗ ಇಳಿದುಬಿಡುತ್ತದೆ, ನಮಗೆ ಬೇಕಾದ ಪರೀಕ್ಷೆ ಆಗುವುದಿಲ್ಲ. ಯಾವ ಕೋರ್‌ನಲ್ಲಿ ಎರರ್ ಬರುತ್ತದೋ ಅದನ್ನು ಮಾತ್ರ 3ರಿಂದ 5 ಅಂಕ ಸೊನ್ನೆಯ ಕಡೆ ತನ್ನಿ. ಸೊನ್ನೆಯಲ್ಲೂ ಎರರ್ ಬಂದರೆ ಪ್ಲಸ್ ಕೂಡ ಕೊಡಬಹುದು.

ನಡುವೆ ಬಂದ ಪ್ರಶ್ನೆ

ಕ್ಷಮಿಸಿ, ಇಲ್ಲೇ ಕೇಳುತ್ತಿದ್ದೇನೆ. ನನ್ನದೂ ವಿಂಡೋಸ್ 11 ಆದ ಮೇಲೆಯೇ ಶುರುವಾದದ್ದು. ರೈಜನ್ 5 3600, ಕರ್ವ್ ಆಪ್ಟಿಮೈಸರ್ ಇಲ್ಲವೇ ಇಲ್ಲ. 3200ರ ರ‍್ಯಾಮನ್ನು ಕೈಯಲ್ಲೇ 3600ಕ್ಕೆ ಏರಿಸಿದ್ದೇನೆ. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಸ್ಕ್ರೀನ್, ಇನ್ನೊಮ್ಮೆ 'ಪೇಜ್ ಫಾಲ್ಟ್', ಮತ್ತೊಮ್ಮೆ 'ಐಆರ್‌ಕ್ಯೂಎಲ್'. ಬ್ರೌಸರ್ ಟ್ಯಾಬ್‌ಗಳೂ ತಾವಾಗಿಯೇ ಬೀಳುತ್ತವೆ. ನಾನೂ ಕೋರ್‌ಸೈಕ್ಲರ್ ಹಾಕಲಾ?

ಉತ್ತರ

ಬೇಡ, ನಿಮ್ಮದು ಬೇರೆ ಕಥೆ. ಪ್ರತಿ ಸಲ ಬೇರೆ ಬೇರೆ ಹೆಸರಿನ ಎರರ್ ಬಂದರೆ ನನಗೆ ಮೊದಲ ಅನುಮಾನ ರ‍್ಯಾಮ್ ಮೇಲೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಅಲ್ಲಿ ವಿಂಡೋಸ್ ಇರುವುದೇ ಇಲ್ಲ, ಹಾಗಾಗಿ ಎರರ್ ಬಂದರೆ ತಪ್ಪು ಹಾರ್ಡ್‌ವೇರ್‌ನದ್ದೋ ಸೆಟ್ಟಿಂಗ್‌ನದ್ದೋ ಅಂತ ಖಚಿತವಾಗುತ್ತದೆ. ಉಚಿತ ಆವೃತ್ತಿಯಲ್ಲಿ 4 ಪಾಸ್ ಸಿಗುತ್ತವೆ, ನಾಲ್ಕನ್ನೂ ಓಡಿಸಿ. ಒಂದೇ ಒಂದು ಎರರ್ ಬಂದರೂ 'ಪರವಾಗಿಲ್ಲ' ಅನ್ನಬೇಡಿ.

ರ‍್ಯಾಮ್ 3200ಕ್ಕೆ ಇಳಿಸಿ ಮತ್ತೆ ಅದೇ ಟೆಸ್ಟ್ ಮಾಡಿ. ಪಾಸ್ ಆದರೂ ನಿಮ್ಮ ಕೆಲಸ ಮುಗಿಯಲಿಲ್ಲ. ಅಪ್‌ಗ್ರೇಡ್ ಮಾಡುವಾಗ ಸಿಸ್ಟಮ್ ಫೈಲ್‌ಗಳೆಲ್ಲಾ ಆ ರ‍್ಯಾಮ್ ಮೂಲಕವೇ ಡಿಸ್ಕ್‌ಗೆ ಹೋಗಿವೆ. ದಾರಿಯಲ್ಲಿ ಕೆಟ್ಟಿದ್ದರೆ ಕೆಟ್ಟದ್ದೇ ಬರೆದಿಟ್ಟಿರುತ್ತದೆ. ಆದ್ದರಿಂದ ರ‍್ಯಾಮ್ ಸರಿಯಾದ ಮೇಲೆ, ಮೊದಲಲ್ಲ, ಅಡ್ಮಿನಿಸ್ಟ್ರೇಟರ್ ಆಗಿ ಟರ್ಮಿನಲ್ ತೆರೆದು ವಿಂಡೋಸ್‌ನದೇ ರಿಪೇರಿ ಕಮಾಂಡ್‌ಗಳನ್ನು ಓಡಿಸಿ: ಮೊದಲು ಡಿಐಎಸ್‌ಎಂನ 'ರಿಸ್ಟೋರ್ ಹೆಲ್ತ್', ಅದು ಮುಗಿದ ಮೇಲೆ ಎಸ್‌ಎಫ್‌ಸಿಯ 'ಸ್ಕ್ಯಾನ್‌ನೌ'. ಎಸ್‌ಎಫ್‌ಸಿ ರಿಪೇರಿಗೆ ಬಳಸುವ ಮೂಲ ಪ್ರತಿಯನ್ನು ಡಿಐಎಸ್‌ಎಂ ಸರಿಮಾಡುತ್ತದೆ, ಅದಕ್ಕೇ ಈ ಕ್ರಮ.

ಎಕ್ಸ್‌ಎಂಪಿ ಕೂಡ ಆಫ್ ಮಾಡಿ ಪೂರ್ತಿ ಸ್ಟಾಕ್‌ನಲ್ಲಿಟ್ಟರೂ ಮೆಮ್‌ಟೆಸ್ಟ್‌ನಲ್ಲಿ ಎರರ್ ಬಂದರೆ ಅದು ಓವರ್‌ಕ್ಲಾಕ್ ವಿಷಯವಲ್ಲ. ಒಂದೊಂದೇ ಸ್ಟಿಕ್ ಹಾಕಿ ಯಾವುದು ಕೆಟ್ಟಿದೆ ಅಂತ ಹುಡುಕಿ. ರ‍್ಯಾಮ್‌ನ ಬಿಲ್ ಕೂಡ ಹುಡುಕಿಟ್ಟುಕೊಳ್ಳಿ, ವಾರಂಟಿ ಇನ್ನೂ ಇರಬಹುದು.