‘ಸ್ಟೆಪ್ ಎಂಪ್ರೆಸ್’ಗೆ ಕನ್ನಡದಲ್ಲಿ ಏನನ್ನೋಣ?

ಹದಿನೆಂಟನೇ ಶತಮಾನದಲ್ಲಿ ಚೀನಾ ಆಳಿದ ಮಂಚು ಅರಸ ಚಿಯೆನ್‌ಲಾಂಗ್‌ನ ಎರಡನೇ ಪಟ್ಟದರಸಿಯ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾರ ಮನೆತನದವಳು, 1718ರಲ್ಲಿ ಹುಟ್ಟಿದವಳು. ಅಲ್ಲಿ ಪಟ್ಟದರಸಿ ತೀರಿಕೊಂಡರೆ ಒಂದು ಗೌರವದ ಹೆಸರು ಕೊಡುವ ವಾಡಿಕೆ ಇತ್ತು. ಇವಳಿಗೆ ಅದು ಸಿಗಲೇ ಇಲ್ಲ. ಹಾಗಾಗಿ ಚೀನೀಯರು ಇವಳನ್ನು ಸುಮ್ನೆ ‘ಜೀ ಹುವಾಂಗ್‌ಹೋ’ ಅಂತಾರೆ. ‘ಹುವಾಂಗ್‌ಹೋ’ ಅಂದರೆ ಪಟ್ಟದರಸಿ. ಇಂಗ್ಲಿಷಿನಲ್ಲಿ ಈ ಹೆಸರು ‘ಸ್ಟೆಪ್ ಎಂಪ್ರೆಸ್’ ಆಗಿದೆ. ನನಗೆ ತೊಡಕಾಗಿರುವುದು ಈ ‘ಜೀ’.

‘ಜೀ’ ಅಂದರೆ ಹಿಂದೆ ಬರುವುದು, ಮುಂದುವರಿಸುವುದು. ಚೀನೀಯಲ್ಲಿ ಮಲತಾಯಿಗೂ ಇದೇ ‘ಜೀ’. ಹಾಗಂತ ‘ಮಲರಾಣಿ’ ಅನ್ನೋಕಾಗುತ್ತಾ? ನಮ್ಮಲ್ಲಿ ‘ಮಲ’ ಸೇರುವುದು ತಾಯಿ, ತಂದೆ, ಮಗ, ಮಗಳಿಗೆ. ಮಲಹೆಂಡತಿ ಅಂತ ಯಾರ ಬಾಯಲ್ಲೂ ಕೇಳಿಲ್ಲ. ಮೊದಲ ಹೆಂಡತಿ ಹೋದ ಮೇಲೆ ಬಂದವಳಿಗೆ ‘ಎರಡನೇ ಸಂಬಂಧಕ್ಕೆ ಕೊಟ್ಟರು’ ಅಂತೀವಿ. ಅದೂ ಇಲ್ಲಿ ಕೂರಲ್ಲ. ಅದು ಹೊಸದಾಗಿ ಹೊಸಿಲು ದಾಟಿ ಬಂದವಳ ಮಾತು. ಇವಳು ಆಗಲೇ ಆ ಮನೆಯಲ್ಲಿದ್ದಳು. ಚಿಯೆನ್‌ಲಾಂಗ್ ಇನ್ನೂ ರಾಜಕುಮಾರನಾಗಿದ್ದಾಗ ಅವನ ತಂದೆಯೇ ಇವಳನ್ನು ಕಿರಿಯ ಹೆಂಡತಿಯಾಗಿ ತಂದುಕೊಟ್ಟಿದ್ದ. ಅರಸನ ಹೆಂಡತಿಯರ ದರ್ಜೆಗಳಲ್ಲಿ 1737ರಲ್ಲಿ ‘ಫೇಯ್’ ಆದಳು, 1745ರಲ್ಲಿ ಅದಕ್ಕೂ ಮೇಲಿನ ‘ಗ್ವೇಫೇಯ್’. ಫುಚಾ ಮನೆತನದ ಮೊದಲ ಪಟ್ಟದರಸಿ 1748ರಲ್ಲಿ ತೀರಿಕೊಂಡಳು. ಮರುವರ್ಷ ಇವಳು ‘ಹುವಾಂಗ್‌ಗ್ವೇಫೇಯ್’, 1750ರಲ್ಲಿ ಪಟ್ಟದರಸಿ. ಒಂದೊಂದೇ ಮೆಟ್ಟಿಲು.

‘ಫೇಯ್’ಗೆ ಉಪಪತ್ನಿ ಅಂತ ಬರೆಯುವುದು ನನಗೆ ಸರಿ ಕಾಣಲ್ಲ. ಆ ಮಾತಿನಲ್ಲಿ ‘ಇಟ್ಟುಕೊಂಡವಳು’ ಅನ್ನುವ ವಾಸನೆ ಇದೆ. ಫೇಯ್ ಅನ್ನುವುದು ಸನ್ನದು ಕೊಟ್ಟು ಏರಿಸಿದ ಸ್ಥಾನ, ಒಂದು ಸಲಕ್ಕೆ ನಾಲ್ವರಿಗೆ ಮಾತ್ರ ಅಂತ ಲೆಕ್ಕ. ಅರಸಿ ಅಂತ ಯಾಕೆ ಅನ್ನಬಾರದು? ಹೊಯ್ಸಳ ಶಾಸನದಲ್ಲಿ ಶಾಂತಲೆಯನ್ನು ‘ಪಿರಿಯರಸಿ ಪಟ್ಟಮಹಾದೇವಿ’ ಅಂತ ಕರೆದಿದ್ದಾರೆ. ಅರಸಿಯರಲ್ಲೇ ಹಿರಿಯಳು, ಪಟ್ಟ ಬೇರೆ, ಅರಸಿತನ ಬೇರೆ ಅನ್ನುವುದು ಅದರಲ್ಲೇ ಇದೆ ಅಲ್ವಾ? ಹಾಗಾಗಿ ಫೇಯ್‌ಗೆ ಅರಸಿ, ಹುವಾಂಗ್‌ಹೋಗೆ ಪಟ್ಟದರಸಿ ಅಂತ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು ‘ಪದಚ್ಯುತ’. ಇವಳ ಬಗ್ಗೆ ಹಾಗೆ ಬರೆದರೆ ತಪ್ಪಾಗುತ್ತದೆ. 1765ರಲ್ಲಿ ಅರಸನ ಜೊತೆ ದಕ್ಷಿಣದ ಪ್ರವಾಸಕ್ಕೆ ಹೋದವಳು ಹಾಂಗ್‌ಝೌನಲ್ಲಿ ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಮಂಚು ಹೆಂಗಸರು ಕೂದಲು ಕತ್ತರಿಸುತ್ತಿದ್ದುದು ಗಂಡನೋ ಅತ್ತೆಯೋ ಸತ್ತಾಗ. ಇಬ್ಬರೂ ಬದುಕಿದ್ದರು. ಅದೇ ವರ್ಷ ಅರಸ ಅವಳ ನಾಲ್ಕು ಸನ್ನದುಗಳನ್ನೂ ವಾಪಸ್ ತೆಗೆದುಕೊಂಡ. ಪಟ್ಟದರಸಿಯದ್ದು ಮಾತ್ರ ಅಲ್ಲ, 1737ರ ಮೊದಲ ಸನ್ನದಿನವರೆಗೆ ಎಲ್ಲವೂ. ಏರಿದ ಅಷ್ಟೂ ಮೆಟ್ಟಿಲು ಕಿತ್ತ ಹಾಗೆ. ಮರುವರ್ಷ ಅವಳು ತೀರಿಕೊಂಡಳು. ಅವಳಿಗೊಂದು ಸ್ವಂತ ಸಮಾಧಿಯೂ ಇಲ್ಲ, ಇನ್ನೊಬ್ಬ ಅರಸಿಯ ಸಮಾಧಿಯೊಳಗೇ ಇಟ್ಟರು. ಇಷ್ಟೆಲ್ಲ ಆದರೂ ಪಟ್ಟ ಇಳಿಸಿದ್ದೇನೆ ಅಂತ ಅರಸ ಎಲ್ಲೂ ಸಾರಲಿಲ್ಲ. 1778ರ ಆಜ್ಞೆಯಲ್ಲಿ, ಕೂದಲು ಕತ್ತರಿಸುವುದು ನಮ್ಮವರಲ್ಲಿ ತೀರಾ ನಿಷಿದ್ಧ, ಆದರೂ ಅವಳನ್ನು ಪಟ್ಟದಿಂದ ಇಳಿಸಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಹಾಗಾಗಿ ‘ಸನ್ನದು ಕಿತ್ತುಕೊಂಡ’ ಅಂತಷ್ಟೇ ಬರೆದಿದ್ದೇನೆ.

ಮತ್ತೆ ‘ಜೀ’ಗೆ ಬರುತ್ತೇನೆ. ‘ಎರಡನೇ ಪಟ್ಟದರಸಿ’ ಅಂದರೆ ಒಟ್ಟಿಗೇ ಇಬ್ಬರಿದ್ದರೇನೋ ಅನಿಸಬಹುದು. ‘ಮರುಪಟ್ಟದರಸಿ’ ಅಂದರೆ ಅವಳಿಗೇ ಎರಡು ಸಲ ಪಟ್ಟ ಕಟ್ಟಿದ ಹಾಗೆ. ಸದ್ಯಕ್ಕೆ ‘ತರುವಾಯದ ಪಟ್ಟದರಸಿ’ ಅಂತ ಬರೆದಿದ್ದೇನೆ. ಅರ್ಥ ಸರಿಯಿದೆ, ಆದರೆ ಬಾಯಿಗೆ ಸಲೀಸಾಗಿ ಬರಲ್ಲ. ಹಿರಿಯ ಸವತಿ ತೀರಿಕೊಂಡ ಮೇಲೆ ಅದೇ ಮನೆಯ ಕಿರಿಯವಳು ಅವಳ ಜಾಗಕ್ಕೆ ಬಂದರೆ, ನಿಮ್ಮ ಕಡೆ ಅವಳನ್ನು ಏನಂತ ಕರೀತಿದ್ದರು? ಅಜ್ಜಿಯಂದಿರ ಬಾಯಲ್ಲಿ ಕೇಳಿದ ಮಾತಿದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ತಿಳಿಸಿ.