ಬೆನೆಡಿಕ್ಟ್, ಸೆಲಿವನಾಫ್ ಎರಡರಲ್ಲೂ ಕೆಂಪು: ಗ್ಲೂಕೋಸ್ ಯಾವುದು, ಫ್ರಕ್ಟೋಸ್ ಯಾವುದು?

ರಸಪ್ರಶ್ನೆ:

ಲೇಬಲ್ ಉದುರಿಹೋದ ಎರಡು ಬಾಟಲಿಗಳಿವೆ, ಎರಡರಲ್ಲೂ ಬಿಳಿ ಪುಡಿ. ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್ ಎಂಬುದು ಖಾತ್ರಿ. ಯಾವುದು ಯಾವುದೆಂದು ಮಾತ್ರ ತಿಳಿಯಬೇಕು. ಎರಡರದ್ದೂ 5% ದ್ರಾವಣ ಮಾಡಿ ಬೆನೆಡಿಕ್ಟ್ ಪರೀಕ್ಷೆ (ತಾಮ್ರವನ್ನು ಅಪಕರ್ಷಿಸುವ ಸಕ್ಕರೆಗಳನ್ನು ಪತ್ತೆಹಚ್ಚುವಂಥದ್ದು) ನಡೆಸಿದರೆ ಎರಡೂ ಇಟ್ಟಿಗೆ ಕೆಂಪು. ಸೆಲಿವನಾಫ್ ಪರೀಕ್ಷೆ ಕೀಟೋಸ್‌ಗಳಿಗೆ (ಫ್ರಕ್ಟೋಸ್‌ನಂಥ ಕೀಟೋನ್ ಗುಂಪಿನ ಸಕ್ಕರೆಗಳಿಗೆ) ಮಾತ್ರ ಎಂದು ಪಠ್ಯದಲ್ಲಿದೆ. ಆದರೆ ಕುದಿಯುವ ನೀರಿನಲ್ಲಿ ಐದಾರು ನಿಮಿಷ ಇಟ್ಟಾಗ ಅಲ್ಲೂ ಎರಡೂ ಪ್ರನಾಳಗಳು ಕೆಂಪಗಾದವು, ಒಂದರ ಬಣ್ಣ ಸ್ವಲ್ಪ ಗಾಢ ಅಷ್ಟೇ.

ಇದರ ಜೊತೆಗೆ ಇನ್ನೆರಡು ಪ್ರಶ್ನೆ. ಫ್ರಕ್ಟೋಸ್‌ನಲ್ಲಿ ಆಲ್ಡಿಹೈಡ್ ಗುಂಪೇ ಇಲ್ಲ, ಇರುವುದು ಕೀಟೋನ್. ಹಾಗಿದ್ದೂ ಬೆನೆಡಿಕ್ಟ್ ಹೇಗೆ ಪಾಸಿಟಿವ್ ಆಗುತ್ತದೆ? ಮತ್ತೆ, ಎರಡರ ಅಣುಸೂತ್ರವೂ ಒಂದೇ, ಅಣುತೂಕವೂ ಅದೇ 180. ದೇಹ ಮಾತ್ರ ಇವನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸುವುದೇಕೆ? ಫ್ರಕ್ಟೋಸ್ ತಿಂದರೆ ಗ್ಲೂಕೋಮೀಟರ್ ಅಂಕಿ ಅಷ್ಟಾಗಿ ಏರುವುದಿಲ್ಲ, ಆದ್ದರಿಂದ ಅದು ನಿರಪಾಯದ ಸಕ್ಕರೆ ಅನ್ನುವವರಿದ್ದಾರೆ. ಇದು ಎಷ್ಟರ ಮಟ್ಟಿಗೆ ಸರಿ?

ಬೀಕರ್‌ಬಂಧು:

ಸೆಲಿವನಾಫ್ ಕೈಕೊಟ್ಟಿರುವುದು ಎರಡು ಕಾರಣಕ್ಕೆ: ದ್ರಾವಣ ಗಟ್ಟಿಯಾಯಿತು, ಕುದಿತ ಹೆಚ್ಚಾಯಿತು. ಈ ಪರೀಕ್ಷೆಯಲ್ಲಿ ಕೊನೆಗೆ ಯಾವ ಬಣ್ಣ ಬಂತು ಅನ್ನುವುದಕ್ಕಿಂತ ಎಷ್ಟು ಬೇಗ ಬಂತು ಅನ್ನುವುದೇ ಮುಖ್ಯ. ಬಿಸಿ ಆಮ್ಲದಲ್ಲಿ ಹೆಕ್ಸೋಸ್ ಸಕ್ಕರೆ ಮೂರು ಅಣು ನೀರು ಕಳೆದುಕೊಂಡು ಹೈಡ್ರಾಕ್ಸಿಮೀಥೈಲ್ ಫರ್‌ಫ್ಯೂರಲ್ ಆಗುತ್ತದೆ, ಅದು ರೆಸಾರ್ಸಿನಾಲ್ ಜೊತೆ ಕೂಡಿ ಕೆಂಪು ಬಣ್ಣ ಕೊಡುತ್ತದೆ. ಫ್ರಕ್ಟೋಸ್ ಈ ಕೆಲಸವನ್ನು ಬೇಗ ಮುಗಿಸುತ್ತದೆ, ಗ್ಲೂಕೋಸ್ ನಿಧಾನ. ಆದರೆ ಗ್ಲೂಕೋಸೂ ಅದೇ ದಾರಿಯಲ್ಲೇ ಹೋಗುವುದು. ಐದಾರು ನಿಮಿಷ ಕೊಟ್ಟರೆ ಅದೂ ಬಂದು ಮುಟ್ಟುತ್ತದೆ.

ಹೀಗೆ ಮಾಡಿ. 67 ಮಿ.ಲೀ. ಆಸವಿತ ನೀರಿಗೆ 33 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಿ (ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ). ಅದರಲ್ಲಿ 50 ಮಿ.ಗ್ರಾಂ ರೆಸಾರ್ಸಿನಾಲ್ ಕರಗಿಸಿ. ಸುಮಾರು 4 ಮೋಲಾರ್ ಆಮ್ಲ ಸಿಗುತ್ತದೆ. ಆಮ್ಲ ಇದಕ್ಕಿಂತ ಗಾಢವಾದರೆ ಗ್ಲೂಕೋಸ್ ಕೂಡ ಬೇಗ ಕೆಂಪಾಗುತ್ತದೆ. ಕಾರಕ ಹಳತಾಗಿ ತಾನೇ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿಕೊಳ್ಳಿ.

ಮೂರು ಪ್ರನಾಳ ತೆಗೆದುಕೊಂಡು ಒಂದೊಂದಕ್ಕೂ 3 ಮಿ.ಲೀ. ಕಾರಕ ಹಾಕಿ. ಎರಡಕ್ಕೆ ನಿಮ್ಮ ಸಕ್ಕರೆಗಳ 1% ದ್ರಾವಣ ಐದೈದು ಹನಿ, ಮೂರನೆಯದಕ್ಕೆ ಬರೀ ನೀರು ಐದು ಹನಿ. ನೀರು ಚೆನ್ನಾಗಿ ಕುದಿಯುತ್ತಿರುವಾಗ ಮೂರನ್ನೂ ಒಟ್ಟಿಗೇ ಇಳಿಸಿ, ಸ್ಟಾಪ್‌ವಾಚ್ ಒತ್ತಿ. ಒಂದು ನಿಮಿಷದ ಹೊತ್ತಿಗೆ ಫ್ರಕ್ಟೋಸ್ ಚೆರ್ರಿ ಕೆಂಪಾಗಿರುತ್ತದೆ, ಗ್ಲೂಕೋಸ್ ಬಣ್ಣವಿಲ್ಲದೆ ಅಥವಾ ನಸು ಹಳದಿಯಾಗಿ ಉಳಿದಿರುತ್ತದೆ. ಅಲ್ಲಿಗೆ ಹೊರತೆಗೆದು ಓದಿ. ಆಮೇಲೆ ಕಾಣುವ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪ್ರನಾಳಗಳನ್ನು ಒಂದಾದ ಮೇಲೊಂದು ಇಳಿಸಿದರೂ ಫಲಿತಾಂಶ ಕೆಡುತ್ತದೆ, ಮೊದಲನೆಯದಕ್ಕೆ ಹತ್ತು ಹದಿನೈದು ಸೆಕೆಂಡ್ ಹೆಚ್ಚು ಸಿಕ್ಕಿರುತ್ತದೆ.

ಮುಂದೆ ಬೇರೆ ಮಾದರಿಗಳಿಗೆ ಬಳಸುವಾಗ ನೆನಪಿರಲಿ: ಸುಕ್ರೋಸ್ ಕೂಡ ಇಲ್ಲಿ ಕೆಂಪು ತೋರಿಸುತ್ತದೆ. ಬಿಸಿ ಆಮ್ಲ ಅದನ್ನು ಒಡೆದು ಫ್ರಕ್ಟೋಸ್ ಬಿಡಿಸಿಬಿಡುತ್ತದೆ.

ಇಷ್ಟೆಲ್ಲ ಗೋಜು ಬೇಡವೆಂದರೆ, ಮೂತ್ರದಲ್ಲಿ ಗ್ಲೂಕೋಸ್ ನೋಡುವ ಸ್ಟ್ರಿಪ್ ಅನ್ನು ಎರಡೂ 1% ದ್ರಾವಣಗಳಲ್ಲಿ ಅದ್ದಿ. ಅದರಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಫ್ರಕ್ಟೋಸನ್ನು ಮುಟ್ಟುವುದಿಲ್ಲ. ಆದರೆ ಗ್ಲೂಕೋಮೀಟರಿಗೆ ಸಕ್ಕರೆ ನೀರು ಹಾಕಲು ಹೋಗಬೇಡಿ. ಅದರ ಲೆಕ್ಕಾಚಾರವೆಲ್ಲ ರಕ್ತಕ್ಕೆ ಹೊಂದಿಸಿದ್ದು, ನೀರಿನ ದ್ರಾವಣಕ್ಕೆ ಬರುವ ಅಂಕಿಗೆ ಅರ್ಥವಿಲ್ಲ.

ಕ್ಷಾರಬಿಂದು:

ಬೆನೆಡಿಕ್ಟ್ ವಿಷಯಕ್ಕೆ ಬರುತ್ತೇನೆ. ಆ ಕಾರಕ ಹೇಗೆ ಮಾಡಿದ್ದೆಂದು ನೋಡಿದರೆ ಉತ್ತರ ಅಲ್ಲೇ ಇದೆ. ಒಂದು ಲೀಟರಿಗೆ ತಾಮ್ರದ ಸಲ್ಫೇಟ್ ಹರಳು 17.3 ಗ್ರಾಂ, ಸೋಡಿಯಂ ಸಿಟ್ರೇಟ್ 173 ಗ್ರಾಂ, ನಿರ್ಜಲ ಸೋಡಿಯಂ ಕಾರ್ಬೊನೇಟ್ 100 ಗ್ರಾಂ. ತಾಮ್ರ ಉತ್ಕರ್ಷಿಸುತ್ತದೆ, ಸಿಟ್ರೇಟ್ ಆ ತಾಮ್ರ ತಳಕ್ಕಿಳಿಯದಂತೆ ಹಿಡಿದಿಡುತ್ತದೆ, ಕಾರ್ಬೊನೇಟ್ ಕ್ಷಾರ ಒದಗಿಸುತ್ತದೆ. ಈ ಕ್ಷಾರದಲ್ಲಿ ಫ್ರಕ್ಟೋಸ್‌ನ ಎರಡನೇ ಕಾರ್ಬನ್‌ನ ಕೀಟೋನ್ ಎನ್‌ಡಯಾಲ್ ರೂಪಕ್ಕೆ ತಿರುಗುತ್ತದೆ, ಅಂದರೆ ಒಂದನೇ ಮತ್ತು ಎರಡನೇ ಕಾರ್ಬನ್ ನಡುವೆ ಜೋಡಿಬಂಧ, ಎರಡರ ಮೇಲೂ ಹೈಡ್ರಾಕ್ಸಿಲ್. ತಾಮ್ರಕ್ಕೆ ಇಲೆಕ್ಟ್ರಾನ್ ಕೊಡುವುದು ಈ ಎನ್‌ಡಯಾಲೇ. ಅದೇ ಎನ್‌ಡಯಾಲ್ ಹಿಂತಿರುಗುವಾಗ ಗ್ಲೂಕೋಸ್ ಆಗಬಹುದು, ಮ್ಯಾನೋಸ್ ಆಗಬಹುದು, ಫ್ರಕ್ಟೋಸೇ ಆಗಿ ಉಳಿಯಲೂಬಹುದು. ಹಾಗಾಗಿ ಸಕ್ಕರೆ ದ್ರಾವಣವನ್ನು ಕ್ಷಾರದಲ್ಲಿ ಇಟ್ಟು ಮಾರನೆಯ ದಿನ ಪರೀಕ್ಷೆ ಮಾಡಬಾರದು. ಅಷ್ಟರಲ್ಲಿ ಅದು ಮಿಶ್ರಣವಾಗಿರುತ್ತದೆ.

ಬಾರ್ಫೋಡ್ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಅದು ಮಾನೋಸ್ಯಾಕರೈಡ್‌ಗಳನ್ನು (ಒಂಟಿ ಸಕ್ಕರೆಗಳನ್ನು) ಜೋಡಿ ಸಕ್ಕರೆಗಳಿಂದ ಬೇರ್ಪಡಿಸುವುದಕ್ಕೆ, ಇಲ್ಲಿ ಎರಡೂ ಮಾನೋಸ್ಯಾಕರೈಡ್‌ಗಳೇ. ಸಕ್ಕರೆಯನ್ನು ಫಿನೈಲ್ ಹೈಡ್ರಜೀನ್ ಜೊತೆ ಕಾಯಿಸಿ ಪಡೆಯುವ ಓಸಜೋನ್ ಹರಳುಗಳೂ ಬೇಡ. ಫಿನೈಲ್ ಹೈಡ್ರಜೀನ್ ಹಿಡಿಯುವುದು ಒಂದನೇ, ಎರಡನೇ ಕಾರ್ಬನ್‌ಗಳನ್ನೇ, ಗ್ಲೂಕೋಸಿಗೂ ಫ್ರಕ್ಟೋಸಿಗೂ ವ್ಯತ್ಯಾಸ ಇರುವುದೂ ಅಲ್ಲೇ. ಅದು ಅಳಿಸಿಹೋಗಿ ಎರಡರಿಂದಲೂ ಒಂದೇ ಹಳದಿ ಸೂಜಿ ಹರಳು ಬರುತ್ತದೆ. ಮೇಲಾಗಿ ಫಿನೈಲ್ ಹೈಡ್ರಜೀನ್ ವಿಷ.

ಪೋಲಾರಿಮೀಟರ್ (ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆಂದು ಅಳೆಯುವ ಉಪಕರಣ) ಇದ್ದರೆ ನನ್ನ ಮತ ಅದಕ್ಕೇ. 10 ಗ್ರಾಂ ಪುಡಿಯನ್ನು 100 ಮಿ.ಲೀ.ಗೆ ಕರಗಿಸಿ, 2 ಡೆಸಿಮೀಟರ್ ನಳಿಗೆಯಲ್ಲಿ, ಸೋಡಿಯಂ ಬೆಳಕಿನಲ್ಲಿ, 20 °ಸೆ.ನಲ್ಲಿ ನೋಡಿ. ಗ್ಲೂಕೋಸ್ ಬಲಕ್ಕೆ ಸುಮಾರು 10.5°, ಫ್ರಕ್ಟೋಸ್ ಎಡಕ್ಕೆ ಸುಮಾರು 18.4°. ವಿಶಿಷ್ಟ ಭ್ರಮಣ (specific rotation) ಕ್ರಮವಾಗಿ +52.7° ಮತ್ತು −92°. ದಿಕ್ಕೇ ಬೇರೆ ಇರುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಆದರೆ ಕರಗಿಸಿದ ಕೂಡಲೇ ಓದಿದರೆ ಅಂಕಿ ಸರಿಯುತ್ತಲೇ ಇರುತ್ತದೆ. ಆಲ್ಫಾ ಗ್ಲೂಕೋಸ್ +112°ಯಿಂದ ಶುರುವಾಗಿ ಇಳಿದು ನಿಲ್ಲಲು ಗಂಟೆಗಟ್ಟಲೆ ಬೇಕು, ಫ್ರಕ್ಟೋಸ್ ಬೇಗ ನಿಲ್ಲುತ್ತದೆ. ಗ್ಲೂಕೋಸನ್ನು ಅವಸರಿಸಬೇಕೆಂದರೆ ಅಳತೆಗೆ ಮುನ್ನ ಒಂದೆರಡು ಹನಿ ದುರ್ಬಲ ಅಮೋನಿಯಾ ಸಾಕು.

ಕರಗುವ ಬಿಂದು ನೋಡಿ ತೀರ್ಮಾನಿಸಲು ಹೋಗಬೇಡಿ. ಫ್ರಕ್ಟೋಸ್ 103 °ಸೆ. ಸುತ್ತಮುತ್ತ ಕರಗುತ್ತಲೇ ಕೊಳೆಯುತ್ತದೆ. ಗ್ಲೂಕೋಸ್ ನಿರ್ಜಲವಾಗಿದ್ದರೆ 146, ಒಂದು ನೀರಿನ ಅಣು ಸೇರಿದ ಹರಳಾಗಿದ್ದರೆ 83ರ ಆಸುಪಾಸು. ನಿಮ್ಮ ಬಾಟಲಿಯಲ್ಲಿ ಯಾವ ಗ್ಲೂಕೋಸ್ ಇದೆಯೋ! ಬದಲಿಗೆ ಎರಡರಿಂದಲೂ ಒಂದೊಂದು ಚಿಟಿಕೆ ಗಡಿಯಾರ ಗಾಜಿನ ಮೇಲೆ ತೆರೆದಿಟ್ಟು ನೋಡಿ. ತೇವದ ಗಾಳಿಯಲ್ಲಿ ಫ್ರಕ್ಟೋಸ್ ಮೊದಲು ಅಂಟಂಟಾಗುತ್ತದೆ. ಇದನ್ನು ಸುಳಿವೆಂದು ಹಿಡಿಯಿರಿ, ಪುರಾವೆಯೆಂದಲ್ಲ.

ಇವೆಲ್ಲದರ ಬೇರು ಉಂಗುರದ ರಚನೆಯಲ್ಲಿದೆ. ನೀರಿನಲ್ಲಿ ಗ್ಲೂಕೋಸ್ ಹೆಚ್ಚುಕಡಿಮೆ ಪೂರ್ತಿ ಆರು ಸದಸ್ಯರ ಪೈರನೋಸ್ ಉಂಗುರ. ಫ್ರಕ್ಟೋಸ್‌ನಲ್ಲಿ ಸುಮಾರು 70% ಪೈರನೋಸ್, ಉಳಿದದ್ದರಲ್ಲಿ ಬಹುಪಾಲು ಐದು ಸದಸ್ಯರ ಫ್ಯೂರನೋಸ್, ಜೊತೆಗೆ 1%ಕ್ಕೂ ಕಡಿಮೆ ತೆರೆದ ಸರಪಳಿ. ಆ ಫ್ಯೂರನೋಸ್‌ನಿಂದ ಫರ್‌ಫ್ಯೂರಲ್ ಉಂಗುರಕ್ಕೆ ದಾರಿ ಹತ್ತಿರ, ಸೆಲಿವನಾಫ್‌ನಲ್ಲಿ ಅದರ ಅವಸರಕ್ಕೆ ಇದೇ ಕಾರಣ. ಸಿಹಿಯೂ ಇದಕ್ಕೇ ಅಂಟಿಕೊಂಡಿದೆ. ತೀರ ಸಿಹಿಯಾದದ್ದು ಬೀಟಾ ಪೈರನೋಸ್. ಬಿಸಿಯಾದಂತೆ ಅದರ ಪಾಲು ಇಳಿಯುತ್ತದೆ, ಆದ್ದರಿಂದ ತಣ್ಣಗಿನ ದ್ರಾವಣದಲ್ಲಿ ಸಾಮಾನ್ಯ ಸಕ್ಕರೆಯನ್ನು ಮೀರಿಸುವ ಫ್ರಕ್ಟೋಸ್ ಬಿಸಿಯಲ್ಲಿ ಮಂಕಾಗುತ್ತದೆ.

ಕಿಣ್ವಲೋಕ:

ಆ ತೆರೆದ ಸರಪಳಿಯ ಮಾತನ್ನೇ ಮುಂದುವರಿಸುತ್ತೇನೆ. ಪ್ರೋಟೀನಿಗೆ ತಾನಾಗಿ ಅಂಟುವುದು ತೆರೆದ ರೂಪದ ಸಕ್ಕರೆ. ಗ್ಲೂಕೋಸ್‌ನಲ್ಲಿ ಅದು ನಗಣ್ಯ, ಫ್ರಕ್ಟೋಸ್‌ನಲ್ಲಿ ಎಷ್ಟೋ ಪಟ್ಟು ಹೆಚ್ಚು. ಪ್ರನಾಳದಲ್ಲಿ ಫ್ರಕ್ಟೋಸ್ ಪ್ರೋಟೀನುಗಳನ್ನು ಬೇಗ ಕೆಡಿಸುವುದು ಇದಕ್ಕೇ. ರಕ್ತದಲ್ಲಿ ಹಾಗಾಗದಿರುವುದು ಅಲ್ಲಿ ಅದರ ಮಟ್ಟ ತೀರ ಕಡಿಮೆ ಇರುವುದರಿಂದ. ಗ್ಲೂಕೋಸ್ ಲೀಟರಿಗೆ 5 ಮಿಲಿಮೋಲ್ ಆಸುಪಾಸಿದ್ದರೆ ಫ್ರಕ್ಟೋಸ್ ಊಟವಾದ ಮೇಲೂ ಸಾಮಾನ್ಯವಾಗಿ 1 ಮಿಲಿಮೋಲ್ ಮುಟ್ಟುವುದಿಲ್ಲ. ಉಳಿದದ್ದನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಬಾಚಿಕೊಳ್ಳುತ್ತದೆ.

ದಾರಿ ಬೇರಾಗುವುದು ಕರುಳಿನಲ್ಲೇ. ಗ್ಲೂಕೋಸ್ ಸೋಡಿಯಂ ಜೊತೆಗೂಡಿ ಶಕ್ತಿ ವ್ಯಯಿಸಿ ಒಳಬರುತ್ತದೆ. ಫ್ರಕ್ಟೋಸ್‌ಗೆ ಗ್ಲೂಟ್-5 ಎಂಬ ವಾಹಕವಿದೆ, ಅದು ಸಾಂದ್ರತೆಯ ಇಳಿಜಾರಿನಲ್ಲಷ್ಟೇ ಸಾಗಿಸಬಲ್ಲದು, ಅದರ ಸಾಮರ್ಥ್ಯ ಒಬ್ಬರಿಂದೊಬ್ಬರಿಗೆ ಬೇರೆ. ಹೀರಿಕೆಯಾಗದೆ ದೊಡ್ಡ ಕರುಳಿಗಿಳಿದ ಫ್ರಕ್ಟೋಸ್ ನೀರನ್ನು ಸೆಳೆಯುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್ ಬಿಡುತ್ತವೆ: ಹೊಟ್ಟೆಯುಬ್ಬರ, ಭೇದಿ. ಇದನ್ನು ಉಸಿರಿನ ಪರೀಕ್ಷೆಯಿಂದ ನೋಡುತ್ತಾರೆ. ಸಾಮಾನ್ಯವಾಗಿ 25 ಗ್ರಾಂ ಫ್ರಕ್ಟೋಸ್ ಕುಡಿಸಿ, ಉಸಿರಿನ ಹೈಡ್ರೋಜನ್ ಮೊದಲಿನ ಮಟ್ಟಕ್ಕಿಂತ ದಶಲಕ್ಷಕ್ಕೆ 20 ಭಾಗ ಏರಿದರೆ ಪಾಸಿಟಿವ್. ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಫ್ರಕ್ಟೋಸ್ ಹೆಚ್ಚು ಹೀರಿಕೆಯಾಗುತ್ತದೆ. ಬರಿಯ ಫ್ರಕ್ಟೋಸ್ ಕುಡಿದಾಗ ತೊಂದರೆಯಾದವರಿಗೆ ಅಷ್ಟೇ ಫ್ರಕ್ಟೋಸ್ ಇರುವ ಸುಕ್ರೋಸ್ ಸಲೀಸಾಗಿ ಇಳಿಯುವುದುಂಟು.

ಯಕೃತ್ತಿನಲ್ಲಿ ಕಥೆ ಇನ್ನೂ ಬೇರೆ. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ಫಾಸ್ಫೋಫ್ರಕ್ಟೋಕೈನೇಸ್ ಎಂಬ ತಪಾಸಣಾ ಗೇಟ್ ಇದೆ. ಜೀವಕೋಶದಲ್ಲಿ ಎಟಿಪಿ (ಶಕ್ತಿ ಹೊತ್ತ ಅಣು), ಸಿಟ್ರೇಟ್ ತುಂಬಿದ್ದರೆ ಅದು ಮುಚ್ಚಿಕೊಳ್ಳುತ್ತದೆ. ಫ್ರಕ್ಟೋಸ್ ಆ ಗೇಟಿನ ಹತ್ತಿರವೇ ಸುಳಿಯುವುದಿಲ್ಲ. ಫ್ರಕ್ಟೋಕೈನೇಸ್ ಅದಕ್ಕೆ ಒಂದನೇ ಕಾರ್ಬನ್ ಮೇಲೆ ಫಾಸ್ಫೇಟ್ ಅಂಟಿಸುತ್ತದೆ, ಆಲ್ಡೋಲೇಸ್-ಬಿ ಅದನ್ನು ಎರಡು ಹೋಳು ಮಾಡುತ್ತದೆ, ಹೋಳುಗಳು ಗೇಟಿನ ಆಚೆಗೆ ಸೇರಿಕೊಳ್ಳುತ್ತವೆ. ಮಿತವಾದ ಪ್ರಮಾಣದಲ್ಲಿ ಸುಮಾರು ಅರ್ಧ ಗ್ಲೂಕೋಸ್ ಆಗಿ, ಕಾಲು ಭಾಗದಷ್ಟು ಲ್ಯಾಕ್ಟೇಟ್ ಆಗಿ ಹೊರಬೀಳುತ್ತದೆ, ಒಂದಷ್ಟು ಗ್ಲೈಕೋಜನ್ ಆಗುತ್ತದೆ. ನೇರವಾಗಿ ಕೊಬ್ಬಾಗುವುದು ಸ್ವಲ್ಪವೇ. ಆದರೆ ಅಗತ್ಯ ಮೀರಿದ ಕ್ಯಾಲೊರಿ ದಿನವೂ ಈ ದಾರಿಯಲ್ಲಿ ಬರುತ್ತಿದ್ದರೆ ಯಕೃತ್ತಿನ ಕೊಬ್ಬು ತಯಾರಿಕೆ ಚುರುಕಾಗಿ ರಕ್ತದ ಟ್ರೈಗ್ಲಿಸರೈಡ್ ಏರುತ್ತದೆ.

ಯೂರಿಕ್ ಆಮ್ಲದ ಏರಿಕೆ ಇದರ ಇನ್ನೊಂದು ಮುಖ. ಫ್ರಕ್ಟೋಕೈನೇಸ್‌ಗೆ ಹಿಂದಿನಿಂದ ತಡೆಯುವವರಿಲ್ಲ. ಒಮ್ಮೆಲೇ ಹೆಚ್ಚು ಫ್ರಕ್ಟೋಸ್ ಬಂದರೆ ಎಟಿಪಿ ಕರಗುತ್ತದೆ, ಫಾಸ್ಫೇಟ್ ಸಕ್ಕರೆಯಲ್ಲಿ ಸಿಕ್ಕಿಬೀಳುತ್ತದೆ. ಎಟಿಪಿ ಖರ್ಚಾಗಿ ಉಳಿದ ಎಎಂಪಿಯನ್ನು ಒಡೆಯುವ ಕಿಣ್ವಕ್ಕೆ ಫಾಸ್ಫೇಟೇ ಕಡಿವಾಣ. ಅದು ಸಡಿಲವಾದಾಗ ಎಎಂಪಿ ಒಡೆದು ಯೂರಿಕ್ ಆಮ್ಲವಾಗುತ್ತದೆ.

ಹಾಗಾಗಿ ಗ್ಲೂಕೋಮೀಟರ್ ಸುಮ್ಮನಿದೆ ಎಂದ ಮಾತ್ರಕ್ಕೆ ನಿರಪಾಯ ಅನ್ನಲಾಗದು. ಆ ಉಪಕರಣ ನೋಡುವುದೇ ಗ್ಲೂಕೋಸ್ ಒಂದನ್ನು. ಹಾಗೆಂದು ಫ್ರಕ್ಟೋಸ್ ವಿಷವೆಂದು ಸಾರುವುದನ್ನೂ ನಾನು ಒಪ್ಪುವುದಿಲ್ಲ. ಇಡೀ ಹಣ್ಣಿನಲ್ಲಿ ಅದು ನಾರಿನೊಂದಿಗೆ, ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಬರುತ್ತದೆ. ಸಿಹಿ ಪಾನೀಯದಲ್ಲಿ ಬರುವ ಪ್ರಮಾಣವೂ ವೇಗವೂ ಬೇರೆ.

ರಸಪ್ರಶ್ನೆ:

1% ದ್ರಾವಣ, ಒಂದು ನಿಮಿಷ: ಒಂದು ಪ್ರನಾಳ ಮಾತ್ರ ಕೆಂಪು. ಸ್ಟ್ರಿಪ್ ಇನ್ನೊಂದು ಬಾಟಲಿಯ ದ್ರಾವಣದಲ್ಲಿ ಬಣ್ಣ ತೋರಿಸಿತು. ಎರಡೂ ಹೊಂದಿಕೊಂಡವು, ಲೇಬಲ್ ಅಂಟಿಸಿಯಾಯಿತು. ಇನ್ನೊಂದು ಪ್ರಶ್ನೆ: ಮೂತ್ರದ ಮಾದರಿಯಲ್ಲಿ ಬೆನೆಡಿಕ್ಟ್ ಪಾಸಿಟಿವ್, ಸ್ಟ್ರಿಪ್ ನೆಗೆಟಿವ್ ಬಂದರೆ ಅದು ಫ್ರಕ್ಟೋಸೇ ಅನ್ನಬಹುದೇ?

ಕಿಣ್ವಲೋಕ:

ಅನ್ನಬಾರದು. ಗ್ಯಾಲಕ್ಟೋಸ್, ಲ್ಯಾಕ್ಟೋಸ್, ಪೆಂಟೋಸ್‌ಗಳೂ ಹಾಗೇ ತೋರುತ್ತವೆ. ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗಿದ್ದರೆ ಎರಡು ಕಡೆಯೂ ಮೋಸ: ಅದು ತಾಮ್ರವನ್ನೂ ಅಪಕರ್ಷಿಸುತ್ತದೆ, ಸ್ಟ್ರಿಪ್‌ನ ಬಣ್ಣವನ್ನೂ ತಡೆಯುತ್ತದೆ. ಎಳೆಗೂಸಿನ ಮಾದರಿಯಾದರೆ ಗ್ಯಾಲಕ್ಟೋಸ್ ಎಂಬ ಅನುಮಾನವೇ ಮೊದಲು ಬರಬೇಕು, ಅಲ್ಲಿ ತಡ ಸಲ್ಲದು, ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಸೆಲಿವನಾಫ್ ಕೂಡ ಪಾಸಿಟಿವ್ ಆದರೆ ಫ್ರಕ್ಟೋಸ್ ಇರುವ ಸಂಭವ ಹೆಚ್ಚು. ಆಗ ಎರಡು ಆನುವಂಶಿಕ ಸ್ಥಿತಿಗಳನ್ನು ಬೇರ್ಪಡಿಸಬೇಕು. ಫ್ರಕ್ಟೋಕೈನೇಸ್ ಇಲ್ಲದವರಲ್ಲಿ ಸಕ್ಕರೆ ಮೂತ್ರಕ್ಕೆ ಬರುತ್ತದೆ, ಆದರೆ ತೊಂದರೆ ಏನೂ ಇಲ್ಲ. ಆಲ್ಡೋಲೇಸ್-ಬಿ ಇಲ್ಲದಿದ್ದರೆ ಅಪಾಯ. ಫಾಸ್ಫೇಟ್ ಅಂಟಿದ ಫ್ರಕ್ಟೋಸ್ ಯಕೃತ್ತಿನಲ್ಲೇ ಕಟ್ಟಿಕೊಂಡು ಗ್ಲೈಕೋಜನ್ ಒಡೆಯುವುದನ್ನು ತಡೆಯುತ್ತದೆ, ರಕ್ತದ ಗ್ಲೂಕೋಸ್ ಕುಸಿಯುತ್ತದೆ, ವಾಂತಿ, ಕಾಮಾಲೆ. ತಾಯಿಯ ಹಾಲಿನಲ್ಲಿ ಫ್ರಕ್ಟೋಸ್ ಇಲ್ಲದ ಕಾರಣ ಮಗು ಮೊದಮೊದಲು ಚೆನ್ನಾಗಿರುತ್ತದೆ. ಹಣ್ಣು, ಸಕ್ಕರೆ ಶುರುವಾದಾಗ ಕಾಯಿಲೆ ಕಾಣಿಸುತ್ತದೆ. ಪತ್ತೆಯಾಗದೆ ದೊಡ್ಡವರಾದವರು ಸಿಹಿಯನ್ನು ತಾವಾಗಿ ದೂರವಿಟ್ಟಿರುತ್ತಾರೆ, ಅವರಲ್ಲಿ ಹುಳುಕು ಹಲ್ಲು ಕಾಣುವುದು ಅಪರೂಪ. ಈ ಅನುಮಾನವಿದ್ದರೆ ಮೇಲೆ ಹೇಳಿದ ಉಸಿರಿನ ಪರೀಕ್ಷೆಗೆ ಫ್ರಕ್ಟೋಸ್ ಕುಡಿಸಲೇಬಾರದು. ಜೀನ್ ಪರೀಕ್ಷೆಯೇ ದಾರಿ. ಸಾರ್ಬಿಟಾಲ್ ಕೂಡ ದೇಹದಲ್ಲಿ ಫ್ರಕ್ಟೋಸ್ ಆಗುವುದರಿಂದ ಅದೂ ವರ್ಜ್ಯ, ಸಿರಪ್ ಔಷಧಗಳ ಲೇಬಲ್‌ನಲ್ಲಿ ಹುಡುಕಿ ನೋಡಬೇಕು.

ಬೀಕರ್‌ಬಂಧು:

ಸೆಲಿವನಾಫ್ ಇಂದಿಗೂ ಉಪಯೋಗಕ್ಕೆ ಬರುವ ಇನ್ನೊಂದು ಜಾಗ ವೀರ್ಯ ಪರೀಕ್ಷೆ. ವೀರ್ಯಕೋಶಗಳು (seminal vesicles ಎಂಬ ಗ್ರಂಥಿಗಳು, ವೀರ್ಯಾಣುಗಳಲ್ಲ) ಫ್ರಕ್ಟೋಸ್ ಸ್ರವಿಸುತ್ತವೆ, ವೀರ್ಯಾಣುಗಳಿಗೆ ಅದು ಇಂಧನ. ವೀರ್ಯಾಣುಗಳೇ ಇಲ್ಲದ ಮಾದರಿಯಲ್ಲಿ ಫ್ರಕ್ಟೋಸೂ ಇಲ್ಲದಿದ್ದರೆ, ಸ್ಖಲನ ನಾಳ ಕಟ್ಟಿಕೊಂಡಿರಬಹುದು ಅಥವಾ ಹುಟ್ಟಿನಿಂದಲೇ ವೀರ್ಯಕೋಶ, ವೀರ್ಯನಾಳ ಬೆಳೆದಿರಲಿಕ್ಕಿಲ್ಲ. ಅರ್ಧ ಮಿ.ಲೀ. ಮಾದರಿಗೆ 5 ಮಿ.ಲೀ. ಕಾರಕ ಹಾಕಿ ಕುದಿಸಿದರೆ, ಫ್ರಕ್ಟೋಸ್ ಇದ್ದಲ್ಲಿ ಒಂದು ನಿಮಿಷದೊಳಗೆ ಕಿತ್ತಳೆ ಕೆಂಪು. ವೀರ್ಯಾಣುಗಳಿರುವ ಮಾದರಿಯನ್ನು ಮೇಜಿನ ಮೇಲೆ ಗಂಟೆಗಟ್ಟಲೆ ಬಿಟ್ಟರೆ ಅವೇ ಸಕ್ಕರೆಯನ್ನು ತಿಂದು ಮುಗಿಸುತ್ತಿರುತ್ತವೆ, ಫಲಿತಾಂಶ ಕಡಿಮೆ ಬರುತ್ತದೆ. ಕೂಡಲೇ ಪರೀಕ್ಷಿಸಲಾಗದಿದ್ದರೆ ದ್ರವಭಾಗವನ್ನು ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ −20 °ಸೆ.ನಲ್ಲಿಡಿ.