ಅರಬ್ ದೇಶಗಳ ಗವರ್ನರೇಟ್‌ಗಳು ಮತ್ತು ಅವುಗಳ ಮುಖ್ಯ ಪಟ್ಟಣಗಳು: ಒಂದೇ ಪಟ್ಟಿ ಸಾಧ್ಯವೇ?

ಪ್ರಶ್ನೆ: ಗೌರಿಬಿದನೂರಿನ ಓದುಗ

ಮಾನ್ಯರೇ, ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಹಾಕಲು ಅರಬ್ ದೇಶಗಳ ಗವರ್ನರೇಟ್‌ಗಳು (ಗವರ್ನರ್ ನಡೆಸುವ ಆಡಳಿತ ವಿಭಾಗಗಳು) ಮತ್ತು ಅವುಗಳ ಮುಖ್ಯ ಪಟ್ಟಣಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಷ್ಟೇ ಅಲ್ಲದೆ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವವರ ಮನೆಯವರು ಅರ್ಜಿ ತುಂಬಿಸಿಕೊಳ್ಳಲು ಬಂದಾಗಲೂ ಅದು ಉಪಯೋಗಕ್ಕೆ ಬಂದೀತು ಎಂಬುದು ನನ್ನ ಆಲೋಚನೆ. ಆದರೆ ಸೌದಿ ಅರೇಬಿಯಾದ ಜೆಡ್ಡಾ ಒಂದು ಕಡೆ ಸ್ವತಃ ಗವರ್ನರೇಟ್ ಎಂದೂ ಇನ್ನೊಂದು ಕಡೆ ಮೆಕ್ಕಾ ಪ್ರಾಂತ್ಯದ ಭಾಗವೆಂದೂ ಕಾಣಿಸುತ್ತದೆ. ಒಮಾನಿನ ಸೊಹಾರ್ ಪಟ್ಟಣವು ಒಂದು ಕಾಗದದಲ್ಲಿ ‘ಬಾತಿನಾ ಪ್ರದೇಶ’ಕ್ಕೂ ಮತ್ತೊಂದರಲ್ಲಿ ‘ಉತ್ತರ ಬಾತಿನಾ ಗವರ್ನರೇಟ್’ಗೂ ಸೇರಿದೆ. ಇವುಗಳಲ್ಲಿ ಯಾವುದನ್ನು ಬರೆಯಬೇಕು? ಎಲ್ಲ ದೇಶಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಹುದೇ?

ಉತ್ತರ: ಕೋಲಾರದ ನಿವೃತ್ತ ಭೂಗೋಳ ಅಧ್ಯಾಪಕ

ಒಂದೇ ಪಟ್ಟಿ ಬೇಡ ಎಂಬುದೇ ನನ್ನ ಸಲಹೆ. ದೇಶಕ್ಕೊಂದು ಪಟ್ಟಿ ಮಾಡಿ, ಅದರ ತಲೆಯ ಮೇಲೆ ಗವರ್ನರೇಟ್ ಆ ದೇಶದಲ್ಲಿ ಎಷ್ಟನೆಯ ಹಂತದ ಆಡಳಿತ ಘಟಕ ಎಂಬುದನ್ನು ಬರೆಯಿರಿ. ಈಜಿಪ್ಟ್, ಇರಾಕ್, ಸಿರಿಯಾ, ಜೋರ್ಡನ್, ಒಮಾನ್ ಮತ್ತು ಕುವೈತ್‌ಗಳಲ್ಲಿ ಅದು ರಾಷ್ಟ್ರ ಸರ್ಕಾರದ ಕೆಳಗಿನ ಮೊದಲ ಹಂತ, ಸೌದಿಯಲ್ಲಿ ಎರಡನೆಯದು.

ಈಜಿಪ್ಟಿನ 27 ಗವರ್ನರೇಟ್‌ಗಳಲ್ಲಿ ಕೈರೋ, ಅಲೆಕ್ಸಾಂಡ್ರಿಯಾ, ಅಸ್ವಾನ್‌ಗಳಂಥವು ತಮ್ಮ ಪಟ್ಟಣದ ಹೆಸರನ್ನೇ ಹೊತ್ತಿವೆ. ನೈಲ್ ನದಿಯ ಮುಖಜಭೂಮಿಗೆ ಬಂದರೆ ಹಾಗಲ್ಲ: ದಕಹ್ಲಿಯಾಕ್ಕೆ ಮನ್ಸೂರಾ, ಶರ್ಕಿಯಾಕ್ಕೆ ಜಗಜೀಗ್, ಬುಹೈರಾಕ್ಕೆ ದಮನ್ಹೂರ್ ಕೇಂದ್ರ. ಘರ್ಬಿಯಾದಲ್ಲಿ ಬಟ್ಟೆ ಗಿರಣಿಗಳಿಗೆ ಹೆಸರಾದ ಮಹಲ್ಲಾ ಅಲ್ ಕುಬ್ರಾ ಎಂಬ ದೊಡ್ಡ ನಗರವಿದ್ದರೂ ಆಡಳಿತ ನಡೆಯುವುದು ಟಾಂಟಾದಿಂದ. ಆದ್ದರಿಂದ ‘ಮುಖ್ಯ ಪಟ್ಟಣ’ ಎಂದರೆ ಆಡಳಿತ ಕೇಂದ್ರವೋ, ದೊಡ್ಡ ಊರೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಊರಿನ ಬೆಳವಣಿಗೆಯು ಗಡಿಯನ್ನು ಲೆಕ್ಕಿಸುವುದಿಲ್ಲ ಎಂಬುದಕ್ಕೆ ಕೈರೋ ಮೆಟ್ರೋದ ಎರಡನೆಯ ಮಾರ್ಗ ಚೆಂದದ ನಿದರ್ಶನ. ಅದರ ಉತ್ತರದ ತುದಿಯಾದ ಶುಬ್ರಾ ಅಲ್ ಖೈಮಾ ಇರುವುದು ಕಲ್ಯೂಬಿಯಾದಲ್ಲಿ, ದಕ್ಷಿಣದ ತುದಿಯಾದ ಮುನೀಬ್ ಇರುವುದು ಗೀಜಾದಲ್ಲಿ, ನಡುವಿನ ನಿಲ್ದಾಣಗಳು ಕೈರೋದಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಒಂದೇ ರೈಲಿನಲ್ಲಿ ಮೂರು ಗವರ್ನರೇಟ್ ದಾಟಬಹುದು!

ಇರಾಕಿನಲ್ಲಿ ನಿನೆವೆ, ಬ್ಯಾಬಿಲೋನ್ ಎಂಬ ಪ್ರಾಚೀನ ನಗರಗಳ ಹೆಸರುಗಳು ಗವರ್ನರೇಟ್‌ಗಳಿಗೆ ಸಂದಿವೆ: ನೀನವಾಕ್ಕೆ ಮೊಸುಲ್, ಬಾಬಿಲ್‌ಗೆ ಹಿಲ್ಲಾ ಕೇಂದ್ರ. ಇವೆರಡನ್ನು ಪರೀಕ್ಷೆಗಾಗಿ ನೆನಪಿಡುವುದು ಸುಲಭ. ಅನ್ಬಾರ್–ರಮಾದಿ ಮತ್ತು ದೀಕಾರ್–ನಾಸಿರಿಯಾಗಳನ್ನು ಮಾತ್ರ ಉರು ಹೊಡೆಯಬೇಕು. ಈಜಿಪ್ಟಿನ ಗವರ್ನರನನ್ನು ರಾಷ್ಟ್ರಾಧ್ಯಕ್ಷರು ನೇಮಿಸಿದರೆ, ಇರಾಕಿನಲ್ಲಿ ಗವರ್ನರೇಟಿನ ಚುನಾಯಿತ ಪರಿಷತ್ತು ಆರಿಸುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ ಪಟ್ಟಿಗೆ ತೂಕ ಬರುತ್ತದೆ.

ಉತ್ತರ: ದಮ್ಮಾಮಿನಲ್ಲಿ ಕೆಲಸ ಮಾಡಿ ಬಂದ ಕೆಜಿಎಫ್ ನಿವಾಸಿ

ಅಧ್ಯಾಪಕರು ಹೇಳಿದ ಹಂತದ ಮಾತು ಸೌದಿಗೆ ಬಹಳ ಮುಖ್ಯ. ಅಲ್ಲಿ ಮೊದಲ ಹಂತದಲ್ಲಿ 13 ಪ್ರಾಂತ್ಯಗಳಿವೆ. ಒಂದೊಂದಕ್ಕೂ ಒಬ್ಬ ಅಮೀರ್ ಇರುತ್ತಾರೆ. ಗವರ್ನರೇಟ್‌ಗಳು ಆ ಪ್ರಾಂತ್ಯಗಳ ಒಳಗಿವೆ. ಜೆಡ್ಡಾ ಗವರ್ನರೇಟ್ ಮೆಕ್ಕಾ ಪ್ರಾಂತ್ಯಕ್ಕೆ ಸೇರಿದೆ, ಹಾಗಾಗಿ ನೀವು ಕಂಡ ಎರಡೂ ನಮೂದುಗಳು ಸರಿಯೇ. ನಾನಿದ್ದ ಪೂರ್ವ ಪ್ರಾಂತ್ಯಕ್ಕೆ ದಮ್ಮಾಮ್ ರಾಜಧಾನಿ. ಅದರೊಳಗೆ ಜುಬೈಲ್, ಖತೀಫ್, ಅಲ್ ಅಹ್ಸಾ ಮುಂತಾದ ಗವರ್ನರೇಟ್‌ಗಳಿವೆ. ಅಲ್ ಅಹ್ಸಾ ಎಂಬುದು ಖರ್ಜೂರದ ತೋಟಗಳ ವಿಶಾಲವಾದ ಓಯಸಿಸ್. ಅದರ ಮುಖ್ಯ ಪಟ್ಟಣ ಹುಫೂಫ್. ಊರಿಗೆ ಬರೆಯುವಾಗ ಕೆಲವರು ಅಲ್ ಅಹ್ಸಾ ಎಂದೂ ಕೆಲವರು ಹುಫೂಫ್ ಎಂದೂ ಬರೆಯುತ್ತಾರೆ, ಮನೆಯವರು ಎರಡು ಬೇರೆ ಊರುಗಳೆಂದು ತಿಳಿಯುತ್ತಾರೆ.

ಒಮಾನಿನ ಗೊಂದಲಕ್ಕೆ ಕಾರಣ ಬೇರೆ. 2011ರ ಅಕ್ಟೋಬರಿನಲ್ಲಿ ಸುಲ್ತಾನರ ಆದೇಶದಂತೆ ದೇಶವನ್ನು 11 ಗವರ್ನರೇಟ್‌ಗಳಾಗಿ ಮರುವಿಂಗಡಿಸಿದಾಗ, ಅದುವರೆಗೆ ‘ಪ್ರದೇಶ’ವಾಗಿದ್ದ ಬಾತಿನಾ ಎರಡಾಯಿತು. ಉತ್ತರ ಬಾತಿನಾಕ್ಕೆ ಸೊಹಾರ್, ದಕ್ಷಿಣ ಬಾತಿನಾಕ್ಕೆ ರುಸ್ತಾಕ್ ಕೇಂದ್ರವಾದವು. 2007ಕ್ಕಿಂತ ಹಿಂದಿನ ಜನನ ಪ್ರಮಾಣಪತ್ರದಲ್ಲಿ ಗೌರಿಬಿದನೂರಿನ ಮುಂದೆ ‘ಕೋಲಾರ ಜಿಲ್ಲೆ’ ಎಂದಿರುವಂತೆಯೇ ಇದು. ಹಳೆಯ ಕಾಗದ ಸುಳ್ಳಲ್ಲ, ಹೊಸ ಅರ್ಜಿಗೆ ಮಾತ್ರ ಹೊಸ ಹೆಸರನ್ನೇ ಬರೆಯಬೇಕು.

ಉತ್ತರ: ತಿಪಟೂರಿನ ಪರೀಕ್ಷಾರ್ಥಿ

ಪಟ್ಟಿಯ ಮೂಲೆಯಲ್ಲಿ ಇಸವಿಯನ್ನು ತಪ್ಪದೆ ಬರೆಯಿರಿ. ಈಜಿಪ್ಟಿನಲ್ಲಿ 2008ರಲ್ಲಿ ಹುಟ್ಟಿದ ಹೆಲ್ವಾನ್ ಮತ್ತು ಅಕ್ಟೋಬರ್ 6 ಗವರ್ನರೇಟ್‌ಗಳು 2011ರಲ್ಲೇ ರದ್ದಾದವು. ಬಹ್ರೇನ್ 2014ರಲ್ಲಿ ತನ್ನ ಮಧ್ಯ ಗವರ್ನರೇಟನ್ನು ಕೈಬಿಟ್ಟು ನಾಲ್ಕಕ್ಕೆ ಇಳಿಯಿತು. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಇವೆಲ್ಲ ಇನ್ನೂ ಜೀವಂತವಾಗಿವೆ.

ಪ್ರಶ್ನಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ದೇಶಕ್ಕೊಂದು ಹಾಳೆಯಂತೆಯೇ ಬರೆಯುತ್ತೇನೆ. ಕುವೈತ್‌ನ ಆರು ಗವರ್ನರೇಟ್‌ಗಳಿಗೆ ಮುಖ್ಯ ಪಟ್ಟಣ ಎಂಬ ಕಂಬಸಾಲು ಬೇಕೇ?

ಉತ್ತರ: ಕೆಜಿಎಫ್ ನಿವಾಸಿ

ಬೇಡ. ಅಲ್ಲಿ ಜನವಸತಿಯೆಲ್ಲ ಬಹುಮಟ್ಟಿಗೆ ಒಂದಕ್ಕೊಂದು ಅಂಟಿಕೊಂಡ ಒಂದೇ ನಗರ. ವಿಳಾಸ ಹೇಳುವುದು ಬಡಾವಣೆ, ಬ್ಲಾಕ್, ರಸ್ತೆ ಎಂಬ ಕ್ರಮದಲ್ಲಿ. ನಮ್ಮ ಕಡೆಯವರು ಹೆಚ್ಚಾಗಿ ಹೇಳುವ ಜಲೀಬ್ ಅಲ್ ಶುಯೂಖ್ ಫರ್ವಾನಿಯಾ ಗವರ್ನರೇಟಿಗೂ, ಸಾಲ್ಮಿಯಾ ಹವಲ್ಲಿಗೂ, ಫಹಾಹೀಲ್ ಅಹ್ಮದಿಗೂ ಸೇರಿವೆ. ಆ ಕಂಬಸಾಲಿನಲ್ಲಿ ಇಂಥ ಬಡಾವಣೆಗಳ ಹೆಸರನ್ನು ಬರೆದರೆ ಅರ್ಜಿ ತುಂಬುವವರಿಗೆ ಹೆಚ್ಚು ಅನುಕೂಲ.